ಬಾಯಾರಿಕೆಯ ಕೆಲಸ

ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಈಗಲೂ ನನಗೆ ಗಂಟಲು ಒಣಗುತ್ತದೆ. ಮೊನ್ನೆ ನೀರು ನಿಂತ ಗದ್ದೆಗಳ ಹಸಿ ವಾಸನೆ ಒಳಗೆ ನುಗ್ಗಿದ್ದೇ ತಡ, ಕಣ್ಣು ಎಳೆಯಿತು. ಪಕ್ಕದಲ್ಲಿ ಹಿಂದಿನಂತೆಯೇ ಶಾಂತಕ್ಕ ತೂಕಡಿಸುತ್ತಿದ್ದಾಳೆ ಅನ್ನಿಸಿತು.

ಆಗ ನಾವಿಬ್ಬರೂ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ಒಂದು ಆರೋಗ್ಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆವು. ಮಲೆಬೆನ್ನೂರಿನ ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಸುರಿ, ಬಾಣಂತಿಯರಿಗೆ ತಿಳಿವಳಿಕೆ ಹೇಳುವುದು. ‘ನೀರು ಚೆನ್ನಾಗಿ ಕುಡೀರಿ’ ಎನ್ನುವುದೇ ಮೊದಲ ಪಾಠ. ನಗಬೇಡಿ, ಪಾಠ ಹೇಳುವ ನಾವು ಮಾತ್ರ ಬೆಳಿಗ್ಗೆ ಚಹಾ ಕೂಡ ಅರ್ಧ ಲೋಟಕ್ಕೇ ನಿಲ್ಲಿಸಿ ಬಸ್ಸು ಹತ್ತುತ್ತಿದ್ದೆವು. ಸಂಜೆ ಮನೆ ಮುಟ್ಟುವ ತನಕ ‘ಒಂದಕ್ಕೆ’ ಹೋಗಲು ಎಲ್ಲೂ ಜಾಗವಿಲ್ಲವಲ್ಲ. ಯಾರಾದರೂ ನೀರು ಕೊಟ್ಟರೆ ತುಟಿಯಷ್ಟೇ ಒದ್ದೆ ಮಾಡಿಕೊಂಡು ಲೋಟ ಕೆಳಗಿಡುವ ವಿದ್ಯೆ ನನಗೆ ಬೇಗ ಬಂತು. ತಿಳಿವಳಿಕೆ ಹೇಳುವ ವಿದ್ಯೆ ಅಷ್ಟು ಬೇಗ ಬರಲಿಲ್ಲ. ವಾಪಸು ಬರುವಾಗ ದಾಹಕ್ಕೋ ದಣಿವಿಗೋ ಒಂದು ಮಂಪರು. ನಾಲೆ, ಬೆಳ್ಳಕ್ಕಿ, ಗದ್ದೆ ಎಲ್ಲ ಒಂದರೊಳಗೊಂದು ಕರಗಿ, ಬಸ್ಸೇ ನೀರಿನ ಮೇಲೆ ತೇಲುತ್ತಿದೆ ಅನ್ನಿಸುತ್ತಿತ್ತು.

ಒಂದು ದಿನ ಶಾಂತಕ್ಕ ಮಲೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಹಿಡಿದುಕೊಂಡು ಕುಸಿದಳು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತು. ನೀರು ಕುಡಿಯಬೇಕು, ಇಲ್ಲವೇ ಈ ಕೆಲಸ ಬಿಡಬೇಕು ಎಂದರು ಡಾಕ್ಟರು. ಅವಳ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ.

ಶನಿವಾರದ ಮೀಟಿಂಗಿನಲ್ಲಿ ನಮ್ಮ ಸರ್, “ಫೀಲ್ಡಿನಾಗೆ ಏನಾರ ತೊಂದ್ರೆ ಐತೇನ್ರಿ?” ಎಂದರು. ನಾವೆಲ್ಲ ಎಂದಿನಂತೆ ಸೆರಗಿನ ಅಂಚು ನೋಡಿಕೊಂಡೆವು.

“ಐತ್ರಿ ಸರ,” ಎಂದಳು ಶಾಂತಕ್ಕ. “ಒಂದಕ್ಕೆ ಹೋಗಾಕೆ ಜಾಗ ಇಲ್ರಿ.”

ಸರ್ ಫ್ಯಾನಿನ ಕಡೆ ನೋಡಿದರು. “ಊರಾಗೆ ಯಾರ ಮನ್ಯಾಗಾರ ಕೇಳಬೌದಲ್ಲಮ್ಮ.”

“ದಿನಾ ಒಬ್ರ ಬಾಗ್ಲಾಗೆ ನಿಂತು ಅದನ್ನೇ ಕೇಳಾದೇನ್ರಿ? ನೀವು ಬಂದು ಒಂದ್ಸಲ ಕೇಳ್ರಿ.”

ಬಂದರು, ಪಾಪ. ಒಂದು ಹಳ್ಳಿಯಲ್ಲಿ ನಮ್ಮಿಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ದೊಡ್ಡಮನೆಯ ಗೌರಮ್ಮನ ಮುಂದೆ ಆರೋಗ್ಯ, ಸಹಕಾರ ಎಂದು ಸುತ್ತಿ ಬಳಸಿ ಮಾತಾಡುತ್ತಲೇ ಇದ್ದರು. ಗೌರಮ್ಮ ಶಾಂತಕ್ಕನ ಮುಖ ನೋಡಿದಳು.

“ಇಷ್ಟು ದಿನ ತಡಕಂಡೇ ನಮಗೆ ಪಾಠ ಹೇಳ್ತಿದ್ರೇನ್ರವ್ವಾ? ಹಿತ್ತಲಾಗೈತೆ, ಹೋಗ್ರಿ ಮೊದ್ಲು. ಈ ಯಪ್ಪ ಮಾತಾಡ್ತಿರ್ಲಿ, ನಾನು ಕೇಳ್ತೀನಿ.”

ಹೀಗೆ ಒಂದೊಂದೇ ಊರಲ್ಲಿ ಕೇಳಿ, ಊರಿಗೊಂದು ಮನೆ ಗೊತ್ತುಮಾಡಿಕೊಂಡೆವು. ಶಾಂತಕ್ಕ ಕೆಲಸ ಬಿಡಲಿಲ್ಲ.

ಆಮೇಲೆ ನಾನು ಆವರಗೆರೆಯಲ್ಲಿ ಮನೆ ಕಟ್ಟಿಸಿದಾಗ, ಹೊರಗಿನಿಂದಲೇ ಹೋಗುವಂತೆ ಒಂದು ಟಾಯ್ಲೆಟ್ ಬೇಕೆಂದು ಹಟ ಹಿಡಿದೆ. ಗೇಟಿಗೆ ಬೀಗವಿಲ್ಲ. ಲಸಿಕೆಗೆ, ಸರ್ವೆಗೆ ಬರುವ ಹೆಣ್ಣುಮಕ್ಕಳಿಗೆಲ್ಲ ಅದು ಗೊತ್ತು. ಮೊನ್ನೆ ಬಸ್ಸಿಳಿದು ಬಂದಾಗ ಕಾರ್ಯಕರ್ತೆಯೊಬ್ಬಳ ಚೀಲ ಗೇಟಿನ ಮೇಲೆ ನೇತಾಡುತ್ತಿತ್ತು. ಹಿಂದುಗಡೆ ನೀರು ಸುರಿಯುವ ಸದ್ದು. ಅವಳಿಗೆ ಮುಜುಗರ ಬೇಡವೆಂದು ಬೀದಿಯಲ್ಲೇ ನಿಂತೆ.

“ಯಾಕ್ರಿ ಅಮ್ಮಾರೆ, ಮನೆ ಕೀಲಿ ಮರೆತ್ರೇನು?” ಎಂದರು ಎದುರು ಮನೆಯವರು.

“ಹೂನ್ರಿ,” ಎಂದೆ.