ಹದಿನಾರಕ್ಕೆ ಮೂರು ಜೋಡಿ

ಪುಣೆಯಲ್ಲಿ ನಾನು ಗೌಂಡಿಯ ಕೈಕೆಳಗೆ ನೀರು ತುಂಬಿದ ಲೆವೆಲ್ ಪೈಪಿನ ತುದಿ ಹಿಡಿಯುತ್ತಿದ್ದೆ. ಆಚೆ ಗೋಡೆಯಿಂದ ಅವನು ಮಟ್ಟ ಸರಿಯಿದೆಯೇ ಎಂದು ಕೇಳಿದರೆ "ಬರೋಬರ್" ಅನ್ನುತ್ತಿದ್ದೆ. ನೀರು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಹಾಗೇ ಅನ್ನುತ್ತಿದ್ದೆ. ಮುಂದೆ ಪ್ಲಾಸ್ಟರ್ ಅದನ್ನು ಮುಚ್ಚುತ್ತಿತ್ತು.

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ತಂಗಿ ಮರಾಠಿ ಶಾಲೆಯಲ್ಲಿ ಹತ್ತು ಮುಗಿಸಿ ಡಿಪ್ಲೊಮಾದ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಸೀಟು ಸಿಗದಿದ್ದರೆ ಕುರಕುಂಭದ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗಬೇಕೆಂದು ಅಪ್ಪ ಮೊದಲೇ ಹೇಳಿದ್ದ. ಸಂಜೆ ನಾವಿದ್ದ ತಗಡಿನ ಪತ್ರಾಶೆಡ್ಡಿನ ಮುಂದೆ ಅವಳು ಲೆಕ್ಕ ಬಿಡಿಸುವಳು. ಉತ್ತರದ ಪುಟ ತನ್ನ ಹತ್ತಿರ ಇದ್ದರೆ ಕಣ್ಣು ಹೋಗುತ್ತದೆಂದು ನನ್ನ ಕೈಗೆ ಕೊಡುವಳು. ಅಂಕಿ ಹೊಂದಿಸಿ ನೋಡುವುದಷ್ಟೇ ನನ್ನ ಕೆಲಸ.

ಒಂದು ಪೂರ್ಣಾಂಕಕ್ಕೆ ಇನ್ನೊಂದು ಪೂರ್ಣಾಂಕದ ಘಾತ ಹಾಕಿದರೆ ಹದಿನಾರು ಬರಬೇಕು. ಅಂಥ ಜೋಡಿ ಎಷ್ಟು?

"ಹದಿನಾರರ ಘಾತ ಒಂದು, ನಾಕರ ಘಾತ ಎರಡು, ಎರಡರ ಘಾತ ನಾಕು. ಮೂರ ಜೋಡಿ. ನೋಡಣ್ಣಾ."

ಪುಟದಲ್ಲಿ ಐದು ಇತ್ತು. ತಪ್ಪು ಅಂದರೆ ಅವಳು ಮತ್ತೆ ಮೊದಲಿನಿಂದ ಹಿಡಿಯುವಳು, ಅಲ್ಲಿಯವರೆಗೆ ಒಲೆ ಹೊತ್ತುವುದಿಲ್ಲ.

"ಬರೋಬರ್ ಅದ."

"ಖರೇನ? ಗೌಂಡಿಗೆ ಹೇಳಿದಂಗ ಹೇಳಬ್ಯಾಡ ಮತ್ತ."

"ಖರೇನವಾ. ಏಳು, ರೊಟ್ಟಿ ಬಡಿ."

ಆ ತರಹದ ಲೆಕ್ಕ ಬಂದಾಗಲೆಲ್ಲ ಹಾಗೇ ಅಂದೆ.

ಪರೀಕ್ಷೆಯಿಂದ ಅವಳು ನಗುತ್ತ ಬಂದಳು. "ಘಾತದ್ದ ಭಾಳ ಬಂದಿದ್ದುವು. ಎಲ್ಲಾ ಹೊಡದೀನಿ" ಅಂದಳು. ಸೀಟು ಸ್ವಲ್ಪದರಲ್ಲಿ ತಪ್ಪಿತು. ಅವಳು ಕುರಕುಂಭಕ್ಕೆ ಹೋದಳು, ಅಲ್ಲೇ ಮದುವೆಯಾಯಿತು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಅವಳ ಮನೆಗೆ ಹೋದಾಗ ಅವಳ ಮಗಳು ಅಂಥದೇ ಲೆಕ್ಕ ಹಿಡಿದು ಕೂತಿದ್ದಳು.

"ಅವ್ವಾ, ಮೈನಸ್ ನಾಕು, ಮೈನಸ್ ಎರಡು ಬಿಟ್ಟಿ ನೋಡು. ಅವಕ್ಕೂ ಹದಿನಾರ ಬರತದ. ಒಟ್ಟ ಐದು."

"ಇಲ್ಲವಾ, ಮೂರ. ನಿಮ್ಮ ಮಾಮಾ ಉತ್ತರ ನೋಡೇ ಹೇಳಿದ್ದ. ಬೇಕಾದ್ರ ಕೇಳು."

ಇಬ್ಬರೂ ನನ್ನ ಕಡೆ ನೋಡಿದರು.

"ಐದು" ಅಂದೆ.

ತಂಗಿ ಪೆನ್ಸಿಲ್ ತೆಗೆದುಕೊಂಡು ಮೈನಸ್ ನಾಲ್ಕನ್ನು ಮೈನಸ್ ನಾಲ್ಕರಿಂದ ಗುಣಿಸಿದಳು. ಹದಿನಾರು ಬಂತು. ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಆವಾಗೂ ಪುಟದಾಗ ಐದ ಇತ್ತೇನು?"

"ಹ್ಞೂಂ."

"ಹಸದಿತ್ತೇನು ನಿನಗ?"

ಅವಳು ಎದ್ದು ನನಗೆ ತಾಟು ಹಾಕಿದಳು. ನಾನು ಉಂಡೆ.