ಮಿಕ್ಸಿಂಗಿಗೂ ಒಂದು ಕಾಲೇಜು

ಇವತ್ತು ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸಗಳು: ಅಂಗಳ ಗುಡಿಸಿದೆ. ಮಲ್ಲಿಗೆ ಬುಡಕ್ಕೆ ಹಿಂಡಿ ಕದಡಿದ ನೀರು ಹೊಯ್ದೆ. ಯಜಮಾನರ ಕ್ಯಾಮರಾ ಬ್ಯಾಗಿಗೆ ಹಿಡಿದ ಬೂಸಲು ಒರೆಸಿ ಬಿಸಿಲಿಗಿಟ್ಟೆ, ಬಿಸಿಲು ಹೋದದ್ದನ್ನು ಕಂಡು ಒಳಗೆ ತಂದೆ, ಮತ್ತೆ ಬಂದದ್ದನ್ನು ಕಂಡು ಹೊರಗಿಟ್ಟೆ. ಎರಡು ರವಕೆಗೆ ಹುಕ್ಕು ಹೊಲಿದೆ. ಗ್ಯಾಸಿನವನಿಗೆ ಮೂರು ಸಲ ಫೋನ್ ಮಾಡಿದೆ, ನಾಲ್ಕನೆಯ ಸಲ ಅವನೇ ಮಾಡಿ, “ಎಂತಕ್ಕೆ ಅಕ್ಕ ಇಷ್ಟ್ ಗಡಿಬಿಡಿ?” ಅಂದ. ಪಟ್ಟಿಯಲ್ಲಿ ಇನ್ನೊಂದು ಕೆಲಸ ಉಂಟು, ಮಗಳು ಸಿಂಚನಾಳ ಕಾಲೇಜು ಅರ್ಜಿಗೆ ಸಹಿ ಹಾಕುವುದು. ನಾಳೆ ಕಡೇ ದಿನ. ಅದನ್ನು ಹಾಕಿದೆನೋ ಇಲ್ಲವೋ, ಹಾಕಿದ್ದರೆ ಯಾವ ಅರ್ಜಿಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅರ್ಜಿಗಳು ಎರಡು. ಒಂದು ಕುಂದಾಪುರದಲ್ಲೇ ಬಿ.ಕಾಂ. ಇನ್ನೊಂದು ಹಾಸ್ಟೆಲಿನಲ್ಲಿ ನಿಂತು ಓದಬೇಕಾದ ದೂರದ ವಿಶ್ವವಿದ್ಯಾಲಯದ್ದು. ‘ಮಾಧ್ಯಮ ಮತ್ತು ಸೃಜನಶೀಲ ಉದ್ಯಮಗಳು’ ಎಂಬ ಪದವಿ. ಹೆಸರು ಓದಿ ಮುಗಿಸುವಷ್ಟರಲ್ಲಿ ನನಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಯಜಮಾನರು ಮಾತ್ರ ಪೂರ್ತಿ ಓದಿ ಕನ್ನಡಕ ತೆಗೆದರು.

“ಉದ್ಯಮ ಅಂದ್ರೆ ಕೈಗಾರಿಕೆ ಅಲ್ದಾ? ನಂಗೆ ಗೊತ್ತಿಪ್ಪುದ್ ಎರಡೇ. ಒಂದ್ ಹಂಚಿನ ಕಾರ್ಖಾನೆ, ಇನ್ನೊಂದ್ ಗೇರ್‌ಬೀಜದ್ದ್. ಇದ್ರಗೆ ಎಂತ ಸುಲೀತ್ರ್?”

“ನಿಮ್ ತಲೆ, ಅಪ್ಪಯ್ಯ,” ಎಂದಳು ಸಿಂಚನಾ.

ಅವರ ತಮಾಷೆಯ ಹಿಂದೆ ಒಂದು ಅಹಂಕಾರವೂ ಇತ್ತು. ಇಪ್ಪತ್ತೈದು ವರ್ಷದಿಂದ ಅವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ, ಸೀಮಂತ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಿದ್ದಾರೆ. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕುವ ಕೆಲಸಕ್ಕೆ ನಮ್ಮಲ್ಲಿ ಮಿಕ್ಸಿಂಗ್ ಅನ್ನುತ್ತಾರೆ. ಅದು ನನ್ನದು. ಅಡುಗೆಮನೆಯ ಮಿಕ್ಸಿ ತಿರುಗುತ್ತಿರುವಾಗಲೇ ನಡುಮನೆಯ ಮಿಕ್ಸಿಂಗ್ ಮಾಡಿದವಳು ನಾನು. ಮದುಮಗಳ ಮುಖವನ್ನು ತಾವರೆಯೊಳಗಿಟ್ಟು ಅರಳಿಸಿದ್ದೇನೆ. ಉಪ್ಪುಂದ ದಾಟಿ ಆಚೆ ಹೋಗದ ದಂಪತಿಯನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಅದನ್ನೇ ಕೇಳಿಕೊಂಡು ಜನ ಬರುತ್ತಿದ್ದರು. ಎರಡು ವರ್ಷದಿಂದ, ಹೊಸ ಸಾಫ್ಟ್‌ವೇರು ನನ್ನ ಕೈಗೆ ಹತ್ತದೆ ಹೋದಮೇಲೆ, ಕೆಲಸ ಮಗಳಿಗೆ ದಾಟಿತು. ಮನೆಯಲ್ಲೇ ಇರುವ ವಿದ್ಯೆ ಕಲಿಯಲು ವಿಶ್ವವಿದ್ಯಾಲಯ ಯಾಕೆ ಎಂಬುದು ನಮ್ಮಿಬ್ಬರ ಪ್ರಶ್ನೆ. ಪಕ್ಕದ ಮನೆ ಪದ್ದಕ್ಕನ ಪ್ರಶ್ನೆ ಇನ್ನೂ ಸರಳ: “ಹಂಗಾರೆ ಇವ್ಳ್ ಟೀವಿಯಗೆ ಬತ್ಳಾ?”

“ಈಗ ಫೋನೇ ಮಿಕ್ಸಿಂಗ್ ಮಾಡತ್ತ್,” ಎಂಬುದು ಯಜಮಾನರ ಇನ್ನೊಂದು ವಾದ. ಅದು ಸುಳ್ಳಲ್ಲ. ಹೋದ ತಿಂಗಳು ನನ್ನ ಫೋನು ತಾನಾಗಿಯೇ ‘ಮಧುರ ನೆನಪುಗಳು’ ಅಂತ ಒಂದು ವಿಡಿಯೋ ಮಾಡಿ ಕೊಟ್ಟಿತು. ವಯಲಿನ್ ಸಂಗೀತದ ಜೊತೆ ಮೊದಲು ಬಂದದ್ದು ನಮ್ಮ ಕರೆಂಟು ಬಿಲ್ಲು. ಆಮೇಲೆ ತುರ್ತಿಗೆಂದು ಫೋಟೋ ತೆಗೆದಿಟ್ಟ ಮಾತ್ರೆಯ ಹಾಳೆ. ಕೊನೆಗೆ, ನಿಧಾನವಾಗಿ ಹತ್ತಿರವಾಗುತ್ತ, ಯಾರದೋ ಮನೆಯ ನೀರಿನ ಪಂಪು.

ಇನ್ನು ಊಟದ ಹಂತಿಯ ವಿಷಯ ಹೇಳಬೇಕು, ಎಲ್ಲ ತೊಡಕಾದದ್ದು ಅಲ್ಲಿಯೇ.

ಹಂತಿ ಅಂದರೆ ಸಾಲು. ನಮ್ಮ ಕಡೆ ಮದುವೆ ವಿಡಿಯೋದಲ್ಲಿ ಧಾರೆಯನ್ನು ಒಂದು ಸಲ ನೋಡುತ್ತಾರೆ, ಊಟದ ಹಂತಿಯನ್ನು ಹತ್ತು ಸಲ. ಯಾರು ಬಂದರು, ಯಾರ ಪಕ್ಕ ಯಾರು ಕೂತರು, ಮುನಿಸಿಕೊಂಡಿದ್ದ ಭಾವ ಎಲೆಯ ಮುಂದೆ ಕೂತನೋ ಅಥವಾ ಜ್ಯೂಸು ಕುಡಿದು ಹೊರಟನೋ, ಎಲ್ಲ ಅಲ್ಲೇ ತಿಳಿಯಬೇಕು. ಬಾರಕೂರಿನಲ್ಲಿ ಹಳೆಯ ಶಾಸನದ ಕಲ್ಲುಗಳಿವೆ. ಅಂಥ ಶಾಸನಗಳಲ್ಲಿ ಕೊಟ್ಟವರು, ಕೊಂಡವರು ಆದಮೇಲೆ ಸಾಕ್ಷಿಗಳ ಹೆಸರು ಇರುತ್ತದಂತೆ, ಅದನ್ನು ಅಳಿಸಿದವರಿಗೆ ಇಂಥಿಂಥ ಪಾಪ ತಟ್ಟುತ್ತದೆ ಅಂತ ಶಾಪವೂ ಇರುತ್ತದಂತೆ. ಊಟದ ಹಂತಿ ನಮ್ಮ ಸಾಕ್ಷಿಪಟ್ಟಿ. ಶಾಪ ಕಲ್ಲಿನ ಮೇಲೆ ಕೆತ್ತಿರುವುದಿಲ್ಲ, ಫೋನಿನಲ್ಲಿ ಬರುತ್ತದೆ.

ಅದನ್ನು ನಾನು ಅನುಭವದಿಂದ ಬಲ್ಲೆ. ಕ್ಯಾಸೆಟ್ಟಿನ ಕಾಲದಲ್ಲಿ, ಉದ್ದ ಜಾಸ್ತಿಯಾಯಿತೆಂದು ಮದುಮಗಳ ಸೋದರಮಾವನ ಊಟವನ್ನು ಕತ್ತರಿಸಿದೆ. ಬಾಯಿ ತೆರೆದು ಜಗಿಯುತ್ತಿದ್ದರು, ನೋಡಲು ಚಂದವಿರಲಿಲ್ಲ. ಮಾವ ಊಟ ಮಾಡದೇ ಹೋಗಿದ್ದಾರೆ ಅಂತ ಹಂಗಾರಕಟ್ಟೆಯವರೆಗೂ ಸುದ್ದಿಯಾಯಿತು. ಎರಡು ಮನೆಯವರು ಒಂದು ವರ್ಷ ಮಾತು ಬಿಟ್ಟರು. ಮಾವ ಪಾಪ, ಸಿಕ್ಕವರಿಗೆಲ್ಲ ಹೋಳಿಗೆ ಎಷ್ಟು ತಿಂದೆ ಅಂತ ಲೆಕ್ಕ ಒಪ್ಪಿಸುತ್ತ ತಿರುಗಿದರು. ಆಮೇಲಿಂದ ಹಂತಿಯ ಒಂದು ಎಲೆಯನ್ನೂ ನಾನು ಬಿಟ್ಟವಳಲ್ಲ.

ಇದನ್ನು ಮಗಳಿಗೆ ಹೇಳಿಕೊಡಬೇಕಿತ್ತು. ಹೇಳಲಿಲ್ಲ. ಅಡುಗೆಗೆ ಉಪ್ಪು ಹಾಕು ಅಂತ ಯಾರಾದರೂ ಹೇಳುತ್ತಾರಾ, ಗೊತ್ತಿರುತ್ತದೆ ಅಂದುಕೊಂಡಿದ್ದೆ.

ಹೋದ ತಿಂಗಳು ಉಪ್ಪುಂದದ ಭಾಸ್ಕರಣ್ಣನ ಎರಡನೆಯ ಮಗಳ ಮದುವೆಯಾಯಿತು. ಭಾಸ್ಕರಣ್ಣ ಮೀನು ವ್ಯಾಪಾರದವರು, ನಮಗೆ ಹಳೆಯ ಪರಿಚಯ. ಸಿಂಚನಾ ಆ ಮದುವೆಯನ್ನು ಮೂರು ನಿಮಿಷದ ಸಿನಿಮಾ ಮಾಡಿದಳು. ಡ್ರೋನಿನಲ್ಲಿ ಕಡಲು, ತೆಂಗಿನ ತಲೆಗಳು, ಮದುಮಗಳ ಕಣ್ಣು, ನಿಧಾನವಾಗಿ ಬೀಳುವ ಅಕ್ಷತೆ. ನಾನು ಹೆತ್ತವಳು ಅಂತ ಹೇಳುವುದಲ್ಲ, ಚಂದವಿತ್ತು. ಮದುಮಕ್ಕಳ ಸ್ನೇಹಿತರೆಲ್ಲ ಸ್ಟೇಟಸ್ಸಿಗೆ ಹಾಕಿಕೊಂಡರು. ಮಗಳು ಎರಡು ದಿನ ನೆಲದಿಂದ ಅರ್ಧ ಅಡಿ ಮೇಲೆ ನಡೆದಳು.

ಮೂರನೆಯ ದಿನ ಭಾಸ್ಕರಣ್ಣನ ತಾಯಿ ಸೀತಜ್ಜಿಯ ಫೋನು ಬಂತು. ಸೊಂಟ ಮುರಿದು ಹಾಸಿಗೆಯಲ್ಲಿದ್ದ ಅಜ್ಜಿ ಛತ್ರಕ್ಕೆ ಬಂದಿರಲಿಲ್ಲ.

“ಹೆಣೆ, ಆಕಾಶದಿಂದ ನಮ್ಮನಿ ಹಂಚ್ ಕಂಡ್ಕಂಡ್ ನಾನೆಂತ ಮಾಡುದ್? ಊಟದ್ದ್ ಎಲ್ಲಿತ್ತ್?”

ಊಟದ್ದು ಇರಲಿಲ್ಲ. ಯಜಮಾನರು ಎಂದಿನಂತೆ ಎಲ್ಲ ಹಂತಿಯನ್ನೂ ತೆಗೆದು ಮೆಮೊರಿ ಕಾರ್ಡು ಮಗಳ ಕೈಗೆ ಕೊಟ್ಟಿದ್ದರು. ಜನ ಉಣ್ಣುವುದನ್ನು ಯಾರು ನೋಡುತ್ತಾರೆ ಅಂತ ಮಗಳು ಅದನ್ನು ಅಳಿಸಿ, ಬ್ರಹ್ಮಾವರದ ಸೀಮಂತಕ್ಕೆ ಅದೇ ಕಾರ್ಡು ಕೊಟ್ಟು ಕಳಿಸಿದ್ದಳು. ಅಪ್ಪ ಬೈಯಲಿಲ್ಲ. ಕ್ಯಾಮರಾ ತೆಗೆದು ಒರೆಸುತ್ತ ಕೂತರು. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಸಂಜೆ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು: “ಅಮ್ಮ, ನಂಗೆ ಇದೆಲ್ಲ ಬಪ್ಪುದಲ್ಲ. ಬಿ.ಕಾಂ.ಗೇ ಹೋತೆ.”

ನಿಜ ಹೇಳುತ್ತೇನೆ, ಮೊದಲು ನನಗೆ ಸಂತೋಷವೇ ಆಯಿತು. ಬೆಳಿಗ್ಗೆ ಬಸ್ಸು, ಸಂಜೆ ಮನೆ, ಎದುರಿಗೇ ಊಟ. ಆದರೆ ಆ ಸಂತೋಷ ಹೆಚ್ಚು ಹೊತ್ತು ರುಚಿಸಲಿಲ್ಲ. ಅವಳು ಬಿ.ಕಾಂ. ಬೇಕು ಅಂತ ಬಿ.ಕಾಂ.ಗೆ ಹೊರಟದ್ದಲ್ಲ, ಒಂದು ತಪ್ಪಿಗೆ ಹೆದರಿ ಹೊರಟದ್ದು. ನಾನು ಮಾವನ ಊಟ ಕತ್ತರಿಸಿದ ದಿನ ಹೆದರಿ ಕೈಬಿಟ್ಟಿದ್ದರೆ?

“ಅದ್ ಆಮೇಲ್ ಕಾಂಬ. ಮೊದ್ಲ್ ಅಜ್ಜಿ ಹತ್ರ ಹೋಯಿ ತಪ್ಪಾಯ್ತ್ ಅಂದೇಳಿ ಹೇಳ್ವ,” ಅಂದೆ.

ಮರುದಿನ ಇಬ್ಬರೂ ಉಪ್ಪುಂದಕ್ಕೆ ಹೋದೆವು. ಅಜ್ಜಿಯ ಶಾಪಕ್ಕೆ ನಾನು ತಯಾರಾಗಿಯೇ ಹೋಗಿದ್ದೆ. ಅಜ್ಜಿ ಶಪಿಸಲಿಲ್ಲ. ಹಾಸಿಗೆಯ ಪಕ್ಕ ಸಿಂಚನಾಳನ್ನು ಕೂರಿಸಿಕೊಂಡು ದನಿ ತಗ್ಗಿಸಿದರು.

“ಯಾರ್ ಬಂದ್ರ್, ಯಾರ್ ಬರ್ಲಿಲ್ಲೆ, ಅದೆಲ್ಲ ನಂಗೆ ಬ್ಯಾಡ. ನನ್ ಭಾಸ್ಕರ ಉಂಡಿದ್ನಾ ಇಲ್ಯಾ ಅಂದೇಳಿ ಕಾಣ್ಕಿತ್ತ್.”

“ಅವ್ರ ಹತ್ರವೇ ಕೇಂಬುಕಾಗ್ದಾ ಅಜ್ಜಿ?” ಎಂದಳು ಸಿಂಚನಾ.

“ಕೇಂಡ್ರೆ ಉಂಡಿದ್ದೆ ಅಂತ. ದೊಡ್ಡ್ ಮಗಳ ಮದಿಯಗೂ ಹಂಗೇ ಅಂದಿದ್ದ. ಸಂಜಿಗೆ ತಲೆ ತಿರ್ಗಿ ಬಿದ್ದ. ಸಕ್ರೆ ಕಾಯ್ಲಿ ಇಪ್ಪ ಮನ್ಶ.”

ಧಾರೆ ಎರೆಯುವವರೆಗೆ ಹೆಣ್ಣಿನ ಅಪ್ಪನಿಗೆ ಉಪವಾಸ. ಆಮೇಲೆ ಎಲೆಯಿಂದ ಎಲೆಗೆ ಹೋಗಿ ‘ನಿಧಾನ ಊಟ ಮಾಡಿ’ ಅಂತ ಕೈ ಮುಗಿಯಬೇಕು. ಬಂದವರೆಲ್ಲ ಉಂಡದ್ದನ್ನು ಊರೇ ನೋಡುತ್ತದೆ, ಉಣ್ಣಿಸಿದವನು ಉಂಡನೋ ಅಂತ ನೋಡುವವಳು ಹೆತ್ತವಳೊಬ್ಬಳೇ.

ಮನೆಗೆ ಬಂದ ಸಿಂಚನಾ ಚೀಲ ಕೆಳಗಿಡುವ ಮೊದಲೇ ಫೋನು ಹಿಡಿದಳು. ಈಗ ಮದುವೆಯಲ್ಲಿ ಪ್ರತಿಯೊಬ್ಬನೂ ಕ್ಯಾಮರಾದವನೇ ಅಲ್ಲವೇ? ಭಾಸ್ಕರಣ್ಣನ ನೆಂಟರನ್ನೆಲ್ಲ ಬೇಡಿ, ಅವರವರು ಊಟದ ಹೊತ್ತಿಗೆ ತೆಗೆದ ತುಣುಕುಗಳನ್ನು ತರಿಸಿಕೊಂಡಳು. ಬೈಂದೂರಿನಿಂದ ಬಂತು, ಕೋಟೇಶ್ವರದಿಂದ ಬಂತು, ಮುಂಬೈಯಿಂದಲೂ ಬಂತು. ಮೂರು ದಿನ ಕೂತು ಹಂತಿ ಜೋಡಿಸಿದಳು. ಎಲ್ಲರೂ ಸಿಕ್ಕಿದರು. ಭಾಸ್ಕರಣ್ಣನೂ ಸಿಕ್ಕಿದರು, ತುಂಡು ತುಂಡಾಗಿ. ಒಬ್ಬಳ ಸೆಲ್ಫಿಯ ಹಿಂದೆ ಹೆಗಲ ಮೇಲಿನ ಟವೆಲು, ಇನ್ನೊಬ್ಬನ ಪಾಯಸದ ಪಕ್ಕ ಮುಗಿದ ಎರಡು ಕೈ. ಎಲೆಯ ಮುಂದೆ ಕೂತ ಭಾಸ್ಕರಣ್ಣ ಮಾತ್ರ ಯಾವ ಫೋನಿನಲ್ಲೂ ಇರಲಿಲ್ಲ.

“ಹ್ವಾಯ್, ನೀವ್ ತೆಗ್ದದ್ರಗಾರೂ ಇದ್ದಿತ್ತಾ?” ಅಂತ ಯಜಮಾನರನ್ನು ಕೇಳಿದೆ.

“ಇಲ್ಲೆ. ಅವ್ರ್ ಕೂತದ್ದ್ ಕಡೇ ಹಂತಿಗೆ, ಬಡ್ಸುವರ ಒಟ್ಟಿಗೆ. ಅಷ್ಟೊತ್ತಿಗೆ ನಾನೂ ಉಂಬುಕೆ ಕೂತಿದ್ದೆ.”

ಆ ಮಾವನ ಊಟದ ನಂತರ ಹಂತಿ ಹಂತಿ ಅಂತ ಒಂದು ಎಲೆಯನ್ನೂ ಬಿಡಲಿಲ್ಲ ಅಂದುಕೊಂಡವಳಿಗೆ ಆಗ ಹೊಳೆಯಿತು: ಕಡೇ ಹಂತಿಯನ್ನು ನಾನು ಒಮ್ಮೆಯೂ ಕಂಡೇ ಇಲ್ಲ. ಅದರ ವಿಡಿಯೋ ಯಾವ ಮದುವೆಯದ್ದೂ ಇರುವುದಿಲ್ಲ, ತೆಗೆಯುವವರೇ ಅದರಲ್ಲಿ ಕೂತಿರುತ್ತಾರೆ. ಕಾರ್ಡು ಅಳಿಸದಿದ್ದರೂ ಅಜ್ಜಿಗೆ ಉತ್ತರ ಸಿಗುತ್ತಿರಲಿಲ್ಲ.

“ಹಂಗಾರೆ ಅಪ್ಪಯ್ಯ, ನೀವೇ ಹೇಳಿ,” ಅಂತ ಸಿಂಚನಾ ಕ್ಯಾಮರಾವನ್ನು ಅವರ ಕಡೆ ತಿರುಗಿಸಿದಳು.

ಮೂರು ತಾಲೂಕಿನ ಮದುಮಕ್ಕಳಿಗೆ ‘ಸ್ವಲ್ಪ ನಗಾಡಿ, ಗಲ್ಲ ಮೇಲೆ ಮಾಡಿ’ ಅಂದ ಮನುಷ್ಯ ಸೀಮೆಎಣ್ಣೆಗೆ ಕ್ಯೂ ನಿಂತವರ ಹಾಗೆ ಕೂತರು. ಎರಡು ಸಲ ತಲೆ ಬಾಚಿಕೊಂಡರು. ನಾಲ್ಕು ಸಲ ತಡವರಿಸಿದರು. ಐದನೆಯ ಸಲ ಕ್ಯಾಮರಾ ಇರುವುದನ್ನು ಮರೆತು ಮಗಳ ಮುಖ ನೋಡಿ ಹೇಳಿದರು:

“ಭಾಸ್ಕರಣ್ಣ ನನ್ ಬಲಬದಿ ಎಲೆಗೆ ಕೂತಿದ್ರ್. ಅನ್ನ ಸಾರ್ ಉಂಡ್ರ್. ಹೋಳ್ಗಿ ಅರ್ಧ ಬಿಟ್ರ್. ಪಾಯ್ಸ ಎರಡ್ ಸಲ ಹಾಕ್ಸ್ಕಂಡ್ರ್. ಕಡಿಗೆ ಮಜ್ಜಿಗಿ ಕುಡ್ದ್, ‘ಇನ್ನ್ ಹಗುರ ಆಯ್ತ್’ ಅಂದ್ರ್.”

ಅಷ್ಟೇ. ಹಾಡಿಲ್ಲ, ಕಡಲಿಲ್ಲ. ಹಂತಿಯ ಕೊನೆಗೆ ಅದನ್ನು ಜೋಡಿಸಿ ನಿನ್ನೆ ಅಜ್ಜಿಗೆ ತೋರಿಸಿದೆವು. ಅಜ್ಜಿ ಹಂತಿಯನ್ನೆಲ್ಲ ಸುಮ್ಮನೆ ನೋಡಿದರು. ಯಜಮಾನರ ಮಾತು ಬಂದಾಗ ಕಿವಿ ಹತ್ತಿರ ತಂದರು. ಅಷ್ಟನ್ನೇ ಇನ್ನೊಮ್ಮೆ ಹಾಕಲು ಹೇಳಿದರು, ಕೇಳಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಸೆರಗು ಹುಡುಕಿದೆ. ಅಷ್ಟರಲ್ಲಿ ಅಜ್ಜಿ ಕೂಗಿದರು:

“ಹ್ವಾಯ್ ಭಾಸ್ಕರ! ಸಕ್ರೆ ಕಾಯ್ಲಿ ಇಟ್ಕಂಡ್ ಪಾಯ್ಸ ಎರಡ್ ಸಲ ಹಾಕ್ಸ್ಕಂಡ್ಯಾ? ನಾಚ್ಕಿ ಆತಿಲ್ಯಾ ನಿಂಗೆ?”

“ಒಂದ್ ಸಲ ಬಡ್ಸುಕೆ ಬಂದವ್ರೇ ಹಾಕದ್ದ್ ಅಬ್ಬಿ,” ಅಂತ ಎರಡು ಮಕ್ಕಳ ಮದುವೆ ಮಾಡಿದ ಭಾಸ್ಕರಣ್ಣ ಬಾಗಿಲ ಮರೆಯಿಂದ ತಾಯಿಗೆ ಹೇಳಿದರು, ವಿಡಿಯೋದಲ್ಲಿದ್ದ ನಮ್ಮ ಯಜಮಾನರ ಮೇಲೆ ಹಲ್ಲು ಕಡಿಯುತ್ತ.

ವಾಪಸು ಬರುವಾಗ ಬಸ್ಸಿನಲ್ಲಿ ಸಿಂಚನಾ ಕಿಟಕಿ ಬದಿ ಕೂತಳು. ತ್ರಾಸಿಯಲ್ಲಿ ಕಡಲು ಕಂಡಾಗಲೂ ಫೋನು ಎತ್ತಲಿಲ್ಲ. ಆಮೇಲೆ, “ಅಮ್ಮ, ಎಂತ ಇಟ್ಕಂಬುದ್, ಎಂತ ಬಿಡೂದ್, ನಂಗೆ ಗೊತ್ತೇ ಇಲ್ಲೆ,” ಅಂದಳು.

“ನಂಗೂ ಗೊತ್ತಿರ್ಲಿಲ್ಲೆ. ನಾನ್ ಒಂದೊಂದ್ ಮನಿ ಜಗಳಕ್ಕೆ ಒಂದೊಂದ್ ಪಾಠ ಕಲ್ತದ್ದ್. ಇಪ್ಪತ್ ವರ್ಷ ಹಿಡಿತ್. ಅದನ್ನ್ ಮೂರ್ ವರ್ಷದಗೆ ಕಲ್ಸುವರಿದ್ರೆ ಹೋಪುಕೆ ಎಂತ ಹೆದ್ರಿಕಿ?”

“ಅಲ್ಲಿ ಹಂತಿ ವಿಷಯ ಕಲ್ಸ್ತ್ರಾ?”

“ಇಲ್ದಿರೆ ನೀನ್ ಅವ್ರಿಗೆ ಕಲ್ಸ್.”

ನಕ್ಕಳು. ಬಹಳ ದಿನದ ಮೇಲೆ ಹಲ್ಲು ಕಾಣುವ ಹಾಗೆ ನಕ್ಕದ್ದು.

ಉದ್ಯೋಗ ಸಿಗುತ್ತದೋ, ಇವಳು ಕಲಿತು ಮುಗಿಸುವಷ್ಟರಲ್ಲಿ ಫೋನು ಇನ್ನೇನೆಲ್ಲ ಮಾಡುತ್ತದೋ, ನನಗೆ ಗೊತ್ತಿಲ್ಲ. ನನ್ನ ಫೋನಿಗೆ ಕಡಲೂ ಗೊತ್ತು, ವಯಲಿನ್ನೂ ಗೊತ್ತು. ಹಾಸಿಗೆಯಲ್ಲಿ ಮಲಗಿದ ಒಬ್ಬ ಅಜ್ಜಿಗೆ ಏನು ನೋಡಬೇಕಾಗಿದೆ ಅಂತ ಅದಕ್ಕೆ ಗೊತ್ತಾಗಬೇಕಾದರೆ ಯಾರಾದರೂ ಉಪ್ಪುಂದಕ್ಕೆ ಹೋಗಿ ಪಕ್ಕದಲ್ಲಿ ಕೂರಲೇಬೇಕು. ಆ ‘ಯಾರಾದರೂ’ ಆಗುವ ಕೆಲಸ ಇನ್ನೂ ಕೆಲವು ಕಾಲ ಇರುತ್ತದೆ ಎಂಬ ಧೈರ್ಯ ನನಗುಂಟು.

ಇವತ್ತು ಹನ್ನೊಂದೂಕಾಲಕ್ಕೆ, ಕೈ ಸೆರಗಿಗೆ ಒರೆಸಿಕೊಂಡು ಬಂದು, ಮಾಧ್ಯಮದ ಅರ್ಜಿಗೇ ಸಹಿ ಹಾಕಿದೆ. ಪಕ್ಕದಲ್ಲಿ ಯಜಮಾನರೂ ಹಾಕಿದರು. ಮಗಳು ಅದನ್ನು ಕಂಪ್ಯೂಟರಿಗೆ ಏರಿಸಿ ಒತ್ತಿದಳು. ತಲುಪಿದೆ ಅಂತ ಬಂತು. ಬಿ.ಕಾಂ. ಅರ್ಜಿಯ ಹಿಂಬದಿ ಖಾಲಿಯಿತ್ತು, ಸಾಮಾನಿನ ಚೀಟಿಗೆ ಎತ್ತಿಟ್ಟುಕೊಂಡೆ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಸಳೆ ಸಾರು, ಒಣಸಿಗಡಿ ಚಟ್ನಿ. ಮೂವರೂ ಒಟ್ಟಿಗೇ ಕೂತು ಉಂಡೆವು. ಮೊದಲು ನಿದ್ದೆ ಹೋದವಳು ಸಿಂಚನಾ. ಕೈ ಒಣಗುವ ಮೊದಲೇ, ನೆಲದ ಮೇಲೇ. ಯಜಮಾನರು ಚಾಪೆ ಬಿಡಿಸಿ ಮಲಗಿದವರು ತಟ್ಟನೆ ಎದ್ದು ಕೂತರು.

“ಹ್ವಾಯ್, ಇನ್ನ್ ಮೂರ್ ವರ್ಷ ನಮ್ ಮಿಕ್ಸಿಂಗ್ ಯಾರ್ ಮಾಡೂದ್?”

“ನಾನಿದ್ದೆ ಅಲ್ದಾ?”

“ಈಗಿನದ್ದೆಲ್ಲ ನಿಂಗೆ ಬತ್ತಾ?”

“ಅಲ್ಲಿ ಕಲ್ತದ್ದ್ ಅವ್ಳ್ ವಾರಕ್ಕೊಂದ್ ಸಲ ಫೋನ್ ಮಾಡಿ ಹೇಳ್ಲಿ. ಒಂದ್ ಸೀಟಗೆ ಇಬ್ರ್ ಕಲ್ತಾಂಗೂ ಆಯ್ತ್.”

ಅವರು ಇದಕ್ಕೇನೋ ಕೊಂಕು ಹುಡುಕುತ್ತಿದ್ದರು. ಸಿಗುವ ಮೊದಲೇ ಗೊರಕೆ ಬಂತು.