ವಿಭೂತಿಯ ಕೆಳಗಿದ್ದ ಬಿಳುಪು

ಈ ಮೂಲಕ ತಿಳಿಸಬಯಸುವುದೇನೆಂದರೆ, ನನ್ನ ಹಣೆಯ ಬಿಳಿ ಮಚ್ಚೆಯನ್ನು ನಾನು ಬಹಳ ದಿನ ವಿಭೂತಿಯೆಂದೇ ತಿಳಿದಿದ್ದೆನು. ನಮ್ಮ ಊರು ದೇವಿಕೊಪ್ಪ. ಸ್ನಾನವಾದೊಡನೆ ಮನೆಯಲ್ಲಿ ಎಲ್ಲರೂ ವಿಭೂತಿ ಧರಿಸುತ್ತೇವೆ. ಸಂಜೆ ಮುಖ ತೊಳೆದ ಮೇಲೂ ಉಳಿಯುತ್ತಿದ್ದ ಬಿಳುಪನ್ನು ಟವೆಲ್ಲಿನಿಂದ ಗಟ್ಟಿಯಾಗಿ ತಿಕ್ಕುತ್ತಿದ್ದೆನು.

ನಂತರ ಅದೇ ಬಿಳುಪು ತುಟಿಯ ಅಂಚಿನಲ್ಲಿ ಕಂಡಿತು.

ತುಟಿಗೆ ಯಾರೂ ವಿಭೂತಿ ಹಚ್ಚುವುದಿಲ್ಲ.

ಆಗ ಅಣ್ಣನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಸಮೀಪಿಸಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳತಕ್ಕವಳು ಸೋದರತ್ತೆಯಾದ ನಾನು. ಹೇಳುವಾಗ ಸುತ್ತಲಿನ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದುವುದು ನಮ್ಮಲ್ಲಿಯ ಪದ್ಧತಿ. ತುಟಿಗೆ ತೊನ್ನು ಬಂದವಳನ್ನು ಕೂಸಿನ ಹತ್ತಿರ ಬಿಡುತ್ತಾರೆಯೇ? ಬಿಟ್ಟರೂ, ಮುಟ್ಟಿ ಗುದ್ದುತ್ತಾರೆಯೇ?

“ವಿಭೂತಿ ದಪ್ಪಗ ಬಡಕೊ. ತುಟಿಗಿ ಸೆರಗ ಹಿಡಕೊ,” ಎಂದಳು ಅವ್ವ. ಆದರೂ ನನ್ನನ್ನು ಹುಬ್ಬಳ್ಳಿಯ ಚರ್ಮರೋಗದ ಡಾಕ್ಟರ ಬಳಿಗೆ ಕರೆದೊಯ್ದಳು.

ಡಾಕ್ಟರು ಹಣೆ ತೊಳೆಸಿ, ಕೋಣೆ ಕತ್ತಲು ಮಾಡಿ, ವುಡ್ಸ್ ಲ್ಯಾಂಪ್ ಎಂಬ ನೇರಳೆ ಬೆಳಕಿನ ದೀಪ ಹಿಡಿದರು. ಮಚ್ಚೆ ನೀಲಿಯಾಗಿ ಹೊಳೆಯಿತು. ಬರಿಗಣ್ಣಿಗೆ ಕಾಣದ ಇನ್ನೊಂದು ಕುತ್ತಿಗೆಯಲ್ಲಿ ಕಂಡಿತು.

ವಿಟಿಲಿಗೊ, ಅಂದರೆ ತೊನ್ನೇ.

ದೇಹದ ರಕ್ಷಣಾ ಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ಬೀಳುತ್ತವೆಂದೂ, ಅದನ್ನು ತಡೆಯುವ ಹೊಸ ಮುಲಾಮುಗಳು ಈಚೆಗೆ ಬಂದಿವೆಯೆಂದೂ, ಜೊತೆಗೆ ಲೈಟ್ ಥೆರಪಿ ಕೊಡುವುದಾಗಿಯೂ ತಿಳಿಸಿದರು. ತಿಕ್ಕಿದಲ್ಲಿ ಹೊಸ ಮಚ್ಚೆ ಏಳಬಹುದಾದ್ದರಿಂದ ಸದ್ಯ ವಿಭೂತಿ ಬೇಡವೆಂದರು.

“ಕೂಸಿಗಿ ಹತ್ತತೈತೇನ್ರಿ?” ಅವ್ವ ಕೇಳಿದಳು.

“ಯಾರಿಗೂ ಹತ್ತೂದಿಲ್ರಿ. ಎತ್ತಿ ಆಡಿಸ್ಲಿ.”

“ಪೂರಾ ಹೋಗತೈತೇನ್ರಿ?” ನಾನು ಕೇಳಿದೆನು.

“ಹಣಿದು ಭರವಸೆ ಐತಿ. ತುಟಿದು ಈಗ ಹೇಳಾಕ ಬರೂದಿಲ್ಲ.”

ತೊಟ್ಟಿಲ ದಿನ ಬರಿಹಣೆಯಲ್ಲಿ ಕುಳಿತೆನು. ತುಟಿಯನ್ನೂ ಮುಚ್ಚಲಿಲ್ಲ.

“ಹಣಿ ಯಾಕ ಬೋಳ ಬಿಟ್ಟೀಬೇ? ವಿಭೂತಿ ತುಟ್ಟಿ ಆಗೇತೇನು?” ದೊಡ್ಡವ್ವ ಎಲ್ಲರೆದುರು ಕೇಳಿದಳು.

ನಾನು ರೋಗದ ಹೆಸರನ್ನೂ ಡಾಕ್ಟರ ಮಾತನ್ನೂ ಹೇಳಿದೆನು. ಕೂಸಿನ ತಾಯಿ, ನಮ್ಮ ವೈನಿ, ಎದ್ದು ಬಂದು ಕೂಸನ್ನು ನನ್ನ ಕೈಗಿತ್ತಳು. “ಸೋದರತ್ತಿನ್ನ ಬಾಡಿಗಿಗಿ ತರಾಕ ಬರತೈತೇನು? ಲಗೂ ಹೇಳು, ಅಳಾಕತ್ತೈತಿ.”

ಬಾಗಿ ಹೆಸರು ಹೇಳಿದೆನು. ಬೆನ್ನಿನ ಮೇಲೆ ಏನೂ ಬೀಳಲಿಲ್ಲ.

ಆಮೇಲೆ ಬಿತ್ತು. ಮೊದಲ ಗುದ್ದು ದೊಡ್ಡವ್ವನದು.

“ಜೋರ ಹೇಳಬೇ, ಕೂಸಿಗಿ ಕೇಳ್ಲಿ!”

ಉಳಿದವರು ಹಿಂದೆ ಬೀಳಲಿಲ್ಲ.

ಈಗ ಹಣೆಯ ಮಚ್ಚೆಯೊಳಗೆ ಸಾಸಿವೆಯಂಥ ಕಂದು ಚುಕ್ಕೆಗಳು ಮೂಡಿವೆ. ಒಳ್ಳೆಯ ಲಕ್ಷಣವೆಂದು ಡಾಕ್ಟರು ಹೇಳಿರುತ್ತಾರೆ. ತುಟಿ ಹಾಗೆಯೇ ಇದೆ. ಮುಲಾಮು ಮುಂದುವರಿದಿದೆ. ಅಂದಿನ ಬೆನ್ನು ನೋವಿಗೆ ಮಾತ್ರ ನಾನು ಏನನ್ನೂ ಹಚ್ಚಿಕೊಂಡಿರುವುದಿಲ್ಲ.